ಮದುವೆಯ ವಯಸ್ಸು 18ಕ್ಕೆ ಬಂದ ದಾರಿ

ಹೆಣ್ಣುಮಕ್ಕಳ ಮದುವೆಗೆ 18 ತುಂಬಿರಬೇಕು ಅಂತ ನಮ್ಮ ಹಳ್ಳಿಗಳಲ್ಲಿ ಈಗ ಎಲ್ಲರಿಗೂ ಗೊತ್ತು. ಆದರೆ ಈ 18 ಒಂದೇ ದಿನಕ್ಕೆ ಬಂದದ್ದಲ್ಲ. ಅದಕ್ಕೆ ನೂರು ವರ್ಷದ ಹತ್ತಿರ ಹಿಡಿಯಿತು.

1890ರಲ್ಲಿ ಕಲ್ಕತ್ತಾದಲ್ಲಿ ಫೂಲ್‌ಮಣಿ ದಾಸಿ ಎಂಬ ಹುಡುಗಿ ಗಂಡನ ಬಲಾತ್ಕಾರದಿಂದ ಸತ್ತಳು. ಅವಳಿಗೆ ಹತ್ತು ದಾಟಿತ್ತು ಅಷ್ಟೆ. ಹತ್ತು ದಾಟಿದ ಹೆಂಡತಿಯ ಮೇಲೆ ಗಂಡ ಮಾಡಿದ್ದು ಆಗಿನ ಕಾನೂನಿನಲ್ಲಿ ಅತ್ಯಾಚಾರ ಅನ್ನಿಸಿಕೊಳ್ಳುತ್ತಿರಲಿಲ್ಲ. ಅವನಿಗೆ ಆದದ್ದು ಒಂದು ವರ್ಷದ ಸಜೆ. ಮರುವರ್ಷ ಸರ್ಕಾರ ಆ ಹತ್ತನ್ನು 12ಕ್ಕೆ ಏರಿಸಿತು. ಅಷ್ಟಕ್ಕೇ ದೇಶದಲ್ಲಿ ದೊಡ್ಡ ಗಲಾಟೆಯಾಯಿತು. ಬಾಲಗಂಗಾಧರ ತಿಲಕರೂ ಅದನ್ನು ವಿರೋಧಿಸಿದರು.

ನಮ್ಮ ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹಕ್ಕೆ ಕಾಯ್ದೆ ತಂದಿತು. ಆಗ ಶೇಷಾದ್ರಿ ಅಯ್ಯರ್ ದಿವಾನರು. 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳಬಾರದು ಅಂತ ಅದರಲ್ಲಿತ್ತು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೇ. ಆದರೂ ಒಂಬತ್ತು ವರ್ಷದ ಹುಡುಗಿಯನ್ನು ನಲವತ್ತರವನಿಗೆ ಕೊಟ್ಟರೆ ಯಾರೂ ಕೇಳುವಂತಿರಲಿಲ್ಲ.

ಬ್ರಿಟಿಷ್ ಭಾರತಕ್ಕೆ 1929ರಲ್ಲಿ ಶಾರದಾ ಕಾಯ್ದೆ ಬಂತು. ಅದನ್ನು ತಂದವರು ಅಜ್ಮೇರಿನ ಹರಬಿಲಾಸ ಶಾರದಾ. ಹುಡುಗಿಗೆ 14, ಹುಡುಗನಿಗೆ 18. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೆಲ್ಲ ಇದರಡಿಯೇ ಬಂದವು. ಸೆಪ್ಟೆಂಬರಿನಲ್ಲಿ ಪಾಸಾದ ಕಾಯ್ದೆ ಜಾರಿಯಾದದ್ದು 1930ರ ಏಪ್ರಿಲ್ 1ಕ್ಕೆ. ನಡುವಿನ ಆರು ತಿಂಗಳಲ್ಲಿ ದೇಶದ ತುಂಬ ಜನ ಅವಸರದಿಂದ ಚಿಕ್ಕ ಮಕ್ಕಳ ಮದುವೆ ಮುಗಿಸಿಬಿಟ್ಟರು.

ಜಾರಿಯಾದ ಮೇಲೂ ಕಾಯ್ದೆ ಬಹುಪಾಲು ಕಾಗದದಲ್ಲೇ ಉಳಿಯಿತು. ಪೊಲೀಸರು ತಾವಾಗಿ ಕೇಸು ಹಾಕುವಂತಿರಲಿಲ್ಲ. ಯಾರಾದರೂ ಕೋರ್ಟಿಗೆ ಹೋಗಿ ದೂರು ಕೊಡಬೇಕು. ದೂರು ಕೊಟ್ಟವನಿಂದಲೇ 100 ರೂಪಾಯಿವರೆಗೆ ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು. ಊರನ್ನು ಎದುರು ಹಾಕಿಕೊಂಡು, ದುಡ್ಡಿನ ಹೊರೆಯನ್ನೂ ಹೊತ್ತು ಯಾರು ಹೋಗುತ್ತಾರೆ?

ಹುಡುಗಿಯ ವಯಸ್ಸು 1949ರಲ್ಲಿ 15 ಆಯಿತು, 1978ರಲ್ಲಿ 18. ದೂರಿನ ತೊಡಕು ನಿಜವಾಗಿ ಬಿಡಿಸಿದ್ದು 2006ರ ಕಾಯ್ದೆ. ಈಗ ಯಾರು ಬೇಕಾದರೂ ತಿಳಿಸಬಹುದು, ಪೊಲೀಸರು ನೇರ ಕೇಸು ಹಾಕಬಹುದು, ಮ್ಯಾಜಿಸ್ಟ್ರೇಟರು ಮದುವೆಗೆ ಮೊದಲೇ ತಡೆ ಕೊಡಬಹುದು. ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಕರ್ನಾಟಕ ಇನ್ನೂ ಮುಂದೆ ಹೋಗಿ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಇದನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೇ ಮಾಡಲಿ ಎಂದಿತು.

ಇಷ್ಟೆಲ್ಲ ಇದ್ದೂ ಬಾಲ್ಯವಿವಾಹ ನಿಂತಿಲ್ಲ. ವರದಿಗೆ ಹೋದಲ್ಲಿ ನಾವು ಹೆಚ್ಚು ಕೇಳುವ ಮಾತು, "ಊರ ಉಸಾಬರಿ ನಮಗ್ಯಾಕ್ರೀ?" 1930ರಲ್ಲಿ ಹಾಗೆ ಸುಮ್ಮನಿದ್ದವರಿಗೆ ಮುಚ್ಚಳಿಕೆಯ ಭಯ ಇತ್ತು. ಇವತ್ತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಒಂದು ಪೈಸೆ ಖರ್ಚಿಲ್ಲ, ನಿಮ್ಮ ಹೆಸರೂ ಹೊರಗೆ ಬರುವುದಿಲ್ಲ. ಮದುವೆ ನಿಶ್ಚಯವಾದ ಸುದ್ದಿ ಕಿವಿಗೆ ಬಿದ್ದ ದಿನವೇ ಮಾಡಿ. ಅಕ್ಕಿಕಾಳು ಬಿದ್ದ ಮೇಲೆ ಹೇಳಿದರೆ ಕೇಸು ಆಗುತ್ತದೆ, ಆದರೆ ಆ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟಿರುತ್ತಾಳೆ.