ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ ಪ್ಲೇಸ್‌ಮೆಂಟ್ ವರ್ಷ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಪದವಿ ವ್ಯಾಸಂಗದ ನಡುವೆ ವಿದ್ಯಾರ್ಥಿಯು ಯಾವುದಾದರೊಂದು ಸಂಸ್ಥೆಯಲ್ಲಿ ಸಂಬಳಕ್ಕೆ ಪೂರ್ಣಾವಧಿ ದುಡಿಯುವ ವರ್ಷಕ್ಕೆ ಪ್ಲೇಸ್‌ಮೆಂಟ್ ವರ್ಷ ಎಂದು ಹೆಸರು. ಎರಡು ವರ್ಷ ತರಗತಿ, ಮೂರನೆಯ ವರ್ಷ ಕೆಲಸ, ನಾಲ್ಕನೆಯ ವರ್ಷ ಮತ್ತೆ ತರಗತಿ ಎಂಬುದು ಇದರ ಸಾಮಾನ್ಯ ಕ್ರಮ. ಓದಿನ ಎರಡು ಪದರಗಳ ನಡುವೆ ಕೆಲಸ ಕೂರುವುದರಿಂದ ಇಂಥ ಪದವಿಯನ್ನು ಸ್ಯಾಂಡ್‌ವಿಚ್ ಕೋರ್ಸ್ ಎನ್ನುತ್ತಾರೆ. ಕರ್ನಾಟಕದ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಎಂದರೆ ಕ್ಯಾಂಪಸ್ ನೇಮಕಾತಿ. ಇಲ್ಲಿನ ವಿಷಯ ಅದಲ್ಲ. ಓದಿನ ಅಂಗವೇ ಆಗಿದ್ದು, ಮುಗಿದ ಮೇಲೆ ಓದಿಗೇ ಹಿಂದಿರುಗಬೇಕಾದ ಕೆಲಸ ಇದು. ಕಂಪ್ಯೂಟರ್ ವಿಜ್ಞಾನ ಮತ್ತು ಸಾಫ್ಟ್‌ವೇರ್ ಎಂಜಿನಿಯರಿಂಗ್ ವಿಭಾಗಗಳಲ್ಲಿ ಈ ಪದ್ಧತಿ ಚೆನ್ನಾಗಿ ಬೇರೂರಿದೆ.

ಹಿನ್ನೆಲೆ

ಸ್ಯಾಂಡ್‌ವಿಚ್ ಪದ್ಧತಿ ಹುಟ್ಟಿದಾಗ ಕಂಪ್ಯೂಟರ್ ಇರಲಿಲ್ಲ. ಹಡಗುಕಟ್ಟೆಗಳ ಊರಾದ ಸಂಡರ್‌ಲ್ಯಾಂಡ್‌ನ ತಾಂತ್ರಿಕ ಕಾಲೇಜಿನಲ್ಲಿ 1903ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕೋರ್ಸನ್ನು ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಎಣಿಸುತ್ತಾರೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ 1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ, ಓದು ಮತ್ತು ಕೆಲಸ ಸರದಿಯಲ್ಲಿ ನಡೆಯುವ ಕೋ-ಆಪ್ ಶಿಕ್ಷಣವನ್ನು ಶುರುಮಾಡಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಇದೇ ತತ್ವದ ಮೇಲೆ. ಆದರೆ ಅಲ್ಲಿ ನಾಲ್ಕು ತಿಂಗಳ ಓದು, ನಾಲ್ಕು ತಿಂಗಳ ಕೆಲಸ ಎಂಬ ಸರದಿ ನಡೆದರೆ ಬ್ರಿಟನ್ನಿನಲ್ಲಿ ಇಡೀ ವರ್ಷವನ್ನು ಒಟ್ಟಿಗೆ ಕೊಡುವ ರೂಢಿ ನಿಂತಿತು.

ಬ್ರಿಟನ್ನಿನಲ್ಲಿ ಇದಕ್ಕೆ ಸರ್ಕಾರದ ಒತ್ತಾಸೆ ಸಿಕ್ಕಿದ್ದು ತಾಂತ್ರಿಕ ಶಿಕ್ಷಣದ ಬಗೆಗಿನ 1956ರ ಶ್ವೇತಪತ್ರದಿಂದ. ಆಗ ರೂಪುಗೊಂಡ ಉನ್ನತ ತಂತ್ರಜ್ಞಾನ ಕಾಲೇಜುಗಳು ಸ್ಯಾಂಡ್‌ವಿಚ್ ಕೋರ್ಸುಗಳನ್ನೇ ತಮ್ಮ ಗುರುತಾಗಿಸಿಕೊಂಡವು. ಉನ್ನತ ಶಿಕ್ಷಣವನ್ನು ಕುರಿತ 1963ರ ರಾಬಿನ್ಸ್ ವರದಿಯ ನಂತರ ಅವುಗಳಲ್ಲಿ ಹೆಚ್ಚಿನವು ವಿಶ್ವವಿದ್ಯಾಲಯಗಳಾದವು. ಆಸ್ಟನ್, ಬಾತ್, ಬ್ರೂನೆಲ್, ಲಫ್‌ಬರೊ, ಸರ್ರಿ ಈ ಗುಂಪಿಗೆ ಸೇರಿದವು. ಪ್ಲೇಸ್‌ಮೆಂಟ್ ವರ್ಷಕ್ಕೆ ಇವು ಇಂದಿಗೂ ಹೆಸರಾಗಿವೆ. ಪಾಲಿಟೆಕ್ನಿಕ್‌ಗಳೂ ಇದೇ ದಾರಿ ಹಿಡಿದವು, 1992ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆದ ಮೇಲೂ ಬಿಡಲಿಲ್ಲ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಹೆಸರು ಚಾಲ್ತಿಗೆ ಬಂದದ್ದು 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ಏರ್ಪಡಿಸಿದ ಸಮ್ಮೇಳನದಿಂದ. ಕಾರ್ಖಾನೆಯ ಯಂತ್ರಗಳಿಗೆಂದು ಹೊಲಿದ ಅಂಗಿ ಈ ಹೊಸ ವಿದ್ಯೆಗೂ ಸರಿಹೊಂದಿತು.

ಕೆಲಸ ಹುಡುಕುವುದು

ಕೆಲಸವನ್ನು ವಿಶ್ವವಿದ್ಯಾಲಯ ಹಂಚಿಕೊಡುವುದಿಲ್ಲ, ವಿದ್ಯಾರ್ಥಿಯೇ ಗಳಿಸಬೇಕು. ಎರಡನೆಯ ವರ್ಷದ ಶರತ್ಕಾಲದಲ್ಲಿ ಅರ್ಜಿಗಳು ಶುರುವಾಗುತ್ತವೆ. ಸಿವಿ, ಆನ್‌ಲೈನ್ ಕೋಡಿಂಗ್ ಪರೀಕ್ಷೆ, ಸಂದರ್ಶನ, ಕೆಲವೆಡೆ ದಿನವಿಡೀ ನಡೆಯುವ ಗುಂಪು ಚಟುವಟಿಕೆ, ಇವೆಲ್ಲ ತರಗತಿ ಮತ್ತು ಪರೀಕ್ಷೆಗಳ ನಡುವೆಯೇ ಆಗಬೇಕು. ಬ್ಯಾಂಕುಗಳು, ಸಾಫ್ಟ್‌ವೇರ್ ಕಂಪನಿಗಳು, ವಿಮಾನ ಮತ್ತು ರಕ್ಷಣಾ ಉದ್ಯಮಗಳು, ಸರ್ಕಾರಿ ಇಲಾಖೆಗಳು, ಐದಾರು ಜನರ ಸಣ್ಣ ಸಂಸ್ಥೆಗಳು, ಎಲ್ಲೆಡೆ ಅವಕಾಶವುಂಟು. ಕೆಲಸ ಸಿಗದವರು ಆ ವರ್ಷವನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಬದಲಾಯಿಸಿಕೊಳ್ಳುತ್ತಾರೆ.

ವರ್ಷದ ಒಳಗೆ

ಬೇಸಿಗೆಯಲ್ಲಿ ಕೆಲಸಕ್ಕೆ ಸೇರಿದವರ ಮೊದಲ ದಿನಗಳು ಲ್ಯಾಪ್‌ಟಾಪ್, ಪಾಸ್‌ವರ್ಡ್, ಅನುಮತಿಗಳಿಗಾಗಿ ಕಾಯುವುದರಲ್ಲಿ ಮತ್ತು ಇಡೀ ತಂತ್ರಾಂಶ ತನ್ನ ಯಂತ್ರದಲ್ಲೂ ಓಡುವಂತೆ ಮಾಡಿಕೊಳ್ಳುವುದರಲ್ಲಿ ಕಳೆಯುತ್ತವೆ. ಕಾಲೇಜಿನ ಅಸೈನ್‌ಮೆಂಟ್ ಎಂದರೆ ಒಬ್ಬನೇ ಕೂತು ಬರೆದ ಕೆಲವು ನೂರು ಸಾಲು. ಅಂಕ ಬಂದ ಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಇಲ್ಲಿ ಎದುರಾಗುವುದು ಲಕ್ಷಾಂತರ ಸಾಲುಗಳ ಕೋಡ್. ಅದನ್ನು ಬರೆದವರಲ್ಲಿ ಹಲವರು ಕೆಲಸ ಬಿಟ್ಟು ಹೋಗಿರುತ್ತಾರೆ. ಹಾಗಾಗಿ ಮೊದಲು ಬೇಕಾಗುವ ವಿದ್ಯೆ ಬರೆಯುವುದಲ್ಲ, ಓದುವುದು. ಬೇರೆಯವರ ಕೋಡನ್ನು ತಾಳ್ಮೆಯಿಂದ ಓದಿ, ಅದು ಹಾಗೇಕಿದೆ ಎಂದು ಊಹಿಸುವ ಅಭ್ಯಾಸವನ್ನು ತರಗತಿಗಳು ಬಹಳ ಕಡಿಮೆ ಕಲಿಸುತ್ತವೆ.

ಮೊದಲ ಕೆಲಸಗಳು ಚಿಕ್ಕವು: ತಪ್ಪಾಗಿ ತೋರುವ ದಿನಾಂಕ, ಪರದೆಯ ಮೇಲಿನ ತಪ್ಪು ಹೆಸರು, ಬರೆಯದೆ ಬಿಟ್ಟ ಒಂದು ಟೆಸ್ಟ್. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ತನ್ನದೊಂದು ಬ್ರಾಂಚ್ (ಪ್ರತ್ಯೇಕ ಕವಲು) ತೆಗೆದು, ಬದಲಾವಣೆ ಮಾಡಿ, ಅದನ್ನು ಸೇರಿಸಿಕೊಳ್ಳುವಂತೆ ಪುಲ್ ರಿಕ್ವೆಸ್ಟ್ ಕಳಿಸಿದಾಗ ಹಿರಿಯರು ಸಾಲುಸಾಲಿಗೂ ಟಿಪ್ಪಣಿ ಬರೆಯುತ್ತಾರೆ. ಕೋಡ್ ರಿವ್ಯೂ ಎಂಬ ಈ ಕ್ರಮವೇ ಆ ವರ್ಷದ ನಿಜವಾದ ಪಾಠಶಾಲೆ. ಉತ್ತರ ಸರಿ ಬಂದರೆ ಸಾಲದು, ಮುಂದೆ ಓದುವವರಿಗೆ ಅರ್ಥವಾಗಬೇಕು ಎಂಬುದು ಅಲ್ಲಿ ಮನಸ್ಸಿಗಿಳಿಯುತ್ತದೆ. ದಿನವೂ ಬೆಳಗಿನ ಸ್ಟ್ಯಾಂಡ್‌ಅಪ್ ಸಭೆಯಲ್ಲಿ ನಿನ್ನೆ ಮಾಡಿದ್ದು, ಇಂದು ಮಾಡುವುದು, ಎಲ್ಲಿ ತಡೆ ಬಂದಿದೆ ಎಂದು ಹೇಳಬೇಕು. ಗೊತ್ತಿಲ್ಲ ಎಂದು ತಂಡದ ಮುಂದೆ ಹೇಳುವ ಧೈರ್ಯ ಸಂಕೋಚದ ವಿದ್ಯಾರ್ಥಿಗಳಿಗೆ ನಿಧಾನವಾಗಿ ಬರುತ್ತದೆ. ಅದು ಬಂದ ಮೇಲೆಯೇ ಕಲಿಕೆಗೆ ವೇಗ.

ಈ ಮೊದಲ ತಿಂಗಳುಗಳಲ್ಲಿ ವಿದ್ಯಾರ್ಥಿ ಸಂಸ್ಥೆಗೆ ಕೊಡುವುದಕ್ಕಿಂತ ಪಡೆಯುವುದೇ ಹೆಚ್ಚು. ತಡವಾಗಿರುವ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ವಾದಿಸಿದ್ದರು. ಹೊಸಬರಿಗೆ ಕಲಿಸುವುದರಲ್ಲಿ ಹಳಬರ ಸಮಯ ಹೋಗುವುದು ಅದಕ್ಕೊಂದು ಕಾರಣ. ಎರಡು ಮೂರು ತಿಂಗಳ ಬೇಸಿಗೆ ಇಂಟರ್ನ್‌ಶಿಪ್ ಈ ಕಲಿಸುವ ಹಂತ ಮುಗಿಯುವಷ್ಟರಲ್ಲಿ ತಾನೂ ಮುಗಿದಿರುತ್ತದೆ. ಆದ್ದರಿಂದ ಅಲ್ಲಿ ವಿದ್ಯಾರ್ಥಿಗೆ ಬದಿಯಲ್ಲಿಟ್ಟ, ಯಾರಿಗೂ ತೊಂದರೆಯಾಗದ ಪ್ರಾಜೆಕ್ಟನ್ನು ಕೊಡುವುದೇ ಹೆಚ್ಚು. ವರ್ಷಪೂರ್ತಿ ಇರುವವರಿಗೆ ಸಂಸ್ಥೆ ನಿಜವಾದ ಕೆಲಸ ವಹಿಸುತ್ತದೆ, ಕಲಿಸಿದ ಶ್ರಮ ಉಳಿದ ತಿಂಗಳುಗಳಲ್ಲಿ ಹಿಂದಿರುಗುತ್ತದೆಂಬ ಲೆಕ್ಕದಿಂದ.

ಅವಧಿ ಉದ್ದವಾದಷ್ಟೂ ಕಲಿಕೆಯ ಬಗೆಯೇ ಬದಲಾಗುತ್ತದೆ. ಶರತ್ಕಾಲದಲ್ಲಿ ಬರೆದ ಕೋಡು ವಸಂತದಲ್ಲಿ ಗ್ರಾಹಕರ ದೂರಾಗಿ ಮೇಜಿಗೆ ಮರಳುತ್ತದೆ. ಅಂದು ಅವಸರದಲ್ಲಿ ಬಿಟ್ಟ ಟೆಸ್ಟ್, ಗಡಿಬಿಡಿಯಲ್ಲಿ ಇಟ್ಟ ಹೆಸರು, ಬರೆಯದ ವಿವರಣೆ, ಎಲ್ಲದರ ಬೆಲೆಯನ್ನೂ ಬರೆದವರೇ ತೆರಬೇಕಾಗುತ್ತದೆ. ಸಾಫ್ಟ್‌ವೇರ್ ಜಗತ್ತಿನಲ್ಲಿ ದುಡಿಮೆಯ ದೊಡ್ಡ ಪಾಲು ಹೊಸದನ್ನು ಕಟ್ಟುವುದಕ್ಕಲ್ಲ, ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದಕ್ಕೆ ಸಲ್ಲುತ್ತದೆ. ಈ ಸತ್ಯವನ್ನು ಉಪನ್ಯಾಸದಲ್ಲಿ ಹೇಳಬಹುದು, ಅನುಭವಕ್ಕೆ ತರಲಾಗದು. ಕೊನೆಯ ವಾರಗಳಲ್ಲಿ ತನ್ನ ಕೆಲಸವನ್ನು ಬರಹದಲ್ಲಿಳಿಸಿ ಮುಂದಿನ ವರ್ಷದ ವಿದ್ಯಾರ್ಥಿಗೋ ತಂಡಕ್ಕೋ ಒಪ್ಪಿಸುವುದಿರುತ್ತದೆ.

ಹಣ, ಕಾನೂನು, ಮೌಲ್ಯಮಾಪನ

ಪದವಿಗೆ ಕಡ್ಡಾಯವಾದ, ಒಂದು ವರ್ಷ ಮೀರದ ಪ್ಲೇಸ್‌ಮೆಂಟ್‌ಗೆ ಬ್ರಿಟನ್ನಿನ ಕನಿಷ್ಠ ವೇತನದ ನಿಯಮ ಅನ್ವಯಿಸುವುದಿಲ್ಲ. ಆದರೂ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಸಂಬಳ ಕೊಡುವುದೇ ರೂಢಿ. ಇಂಗ್ಲೆಂಡಿನಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಂದ ಆ ವರ್ಷಕ್ಕೆ ಪೂರ್ಣ ಶುಲ್ಕದ ಶೇ 20ಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ವಾರ್ಷಿಕ ಶುಲ್ಕ 9,250 ಪೌಂಡ್ ಇದ್ದಾಗ ಈ ಮಿತಿ 1,850 ಪೌಂಡ್ ಆಗಿತ್ತು. ಉದ್ಯೋಗಿಯಾಗಿ ಬರೆದ ಕೋಡಿನ ಹಕ್ಕುಸ್ವಾಮ್ಯ 1988ರ ಕಾಯ್ದೆಯಂತೆ ಸಂಸ್ಥೆಗೆ ಸೇರುತ್ತದೆ. ಬೇರೆ ಒಪ್ಪಂದವಿದ್ದರೆ ಮಾತ್ರ ವಿನಾಯಿತಿ. ಹೀಗಾಗಿ ವಿದ್ಯಾರ್ಥಿ ವರದಿಯಲ್ಲಿ ಕೋಡನ್ನು ತೋರಿಸದೆಯೇ ಕೆಲಸವನ್ನು ವಿವರಿಸಬೇಕಾಗುತ್ತದೆ. ಅದೂ ಒಂದು ಕಲೆ.

ಮೌಲ್ಯಮಾಪನ ಹಗುರವಾದುದು. ವಿಶ್ವವಿದ್ಯಾಲಯದ ಬೋಧಕರೊಬ್ಬರು ನಡುವೆ ಭೇಟಿ ಕೊಡುತ್ತಾರೆ ಅಥವಾ ವಿಡಿಯೊ ಕರೆಯಲ್ಲಿ ಮಾತಾಡುತ್ತಾರೆ. ದಿನಚರಿ, ಅಂತಿಮ ವರದಿ ಮತ್ತು ಸಂಸ್ಥೆಯ ಮೇಲ್ವಿಚಾರಕರ ಅಭಿಪ್ರಾಯದ ಮೇಲೆ ತೇರ್ಗಡೆ ತೀರ್ಮಾನವಾಗುತ್ತದೆ. ಲಫ್‌ಬರೊದಂಥ ಕಡೆ ಇದಕ್ಕೆ ಪ್ರತ್ಯೇಕ ಡಿಪ್ಲೊಮಾ ಇದೆ.

ಪ್ಲೇಸ್‌ಮೆಂಟ್ ಮಾಡಿ ಬಂದವರು ಕೊನೆಯ ವರ್ಷದಲ್ಲಿ ಹೆಚ್ಚು ಅಂಕ ಪಡೆಯುತ್ತಾರೆಂದು ಬ್ರಿಟನ್ನಿನ ಹಲವು ಅಧ್ಯಯನಗಳು ತೋರಿಸಿವೆ. ಓದಿನಲ್ಲಿ ಮುಂದಿರುವವರೇ ಪ್ಲೇಸ್‌ಮೆಂಟ್ ಗಿಟ್ಟಿಸುತ್ತಾರಲ್ಲವೇ ಎಂಬ ಆಕ್ಷೇಪಣೆಯೂ ಜೊತೆಗಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಇದಕ್ಕಿಂತ ಗಂಭೀರವಾದ ಕೊರತೆ ಅಸಮಾನತೆಯದು. ಕೆಲಸ ಲಂಡನ್ನಿನಲ್ಲಿದ್ದು ಮೊದಲ ಸಂಬಳಕ್ಕೆ ಮುನ್ನವೇ ಮನೆ ಬಾಡಿಗೆಯ ಮುಂಗಡ ಕಟ್ಟಬೇಕೆಂದಾಗ, ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿ ಅರ್ಜಿ ಹಾಕುವ ಹಂತದಲ್ಲೇ ಹಿಂದೆ ಸರಿಯುತ್ತಾನೆ. 2015ರಿಂದ ಇಂಗ್ಲೆಂಡಿನಲ್ಲಿ ಬೆಳೆದ ಪದವಿ ಅಪ್ರೆಂಟಿಸ್‌ಶಿಪ್ ಇಂಥವರಿಗೆ ಇನ್ನೊಂದು ದಾರಿ ತೆರೆದಿದೆ. ಅದರಲ್ಲಿ ಮೊದಲ ದಿನದಿಂದಲೇ ಉದ್ಯೋಗ, ಬೋಧನಾ ಶುಲ್ಕದ ಹೊರೆಯೂ ಇಲ್ಲ.

ಭಾರತದಲ್ಲಿ ಮತ್ತು ಕನ್ನಡಿಗರಿಗೆ

ಬ್ರಿಟನ್ನಿಗೆ ಓದಲು ಹೋಗುವ ಕರ್ನಾಟಕದ ವಿದ್ಯಾರ್ಥಿಗಳಿಗೆ ಪ್ಲೇಸ್‌ಮೆಂಟ್ ಸೇರಿದ ಎರಡು ವರ್ಷದ ಎಂಎಸ್ಸಿ ಕೋರ್ಸುಗಳೂ ಲಭ್ಯ. ವಿದ್ಯಾರ್ಥಿ ವೀಸಾದಲ್ಲಿ ಓದುವ ಅವಧಿಗೆ ವಾರಕ್ಕೆ 20 ಗಂಟೆಯ ಕೆಲಸದ ಮಿತಿಯಿದ್ದರೂ, ಪದವಿಯ ಅಂಗವಾದ ಪ್ಲೇಸ್‌ಮೆಂಟ್‌ನಲ್ಲಿ ಪೂರ್ಣಾವಧಿ ದುಡಿಯಬಹುದು. ಸೇರುವ ಮುನ್ನ ಒಂದು ಸಂಗತಿ ತಿಳಿದಿರಬೇಕು: ಕೋರ್ಸಿಗೆ ಪ್ರವೇಶ ಸಿಕ್ಕಿತೆಂದರೆ ಕೆಲಸ ಸಿಕ್ಕಿತೆಂದಲ್ಲ.

ಭಾರತದಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆ ಪಿಲಾನಿಯ ಬಿಟ್ಸ್ ಸಂಸ್ಥೆಯ ಪ್ರ್ಯಾಕ್ಟೀಸ್ ಸ್ಕೂಲ್. ಅದರ ದೀರ್ಘ ಹಂತ ಸುಮಾರು ಐದೂವರೆ ತಿಂಗಳಿನದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಬಿಇ ಕೊನೆಯ ವರ್ಷದಲ್ಲಿ ದೀರ್ಘ ಇಂಟರ್ನ್‌ಶಿಪ್‌ಗೆ ಜಾಗ ಮಾಡಿಕೊಟ್ಟಿದೆ, ಬೆಂಗಳೂರಿನ ಕಂಪನಿಗಳು ಇದನ್ನು ನೇಮಕಾತಿಯ ಮೆಟ್ಟಿಲಾಗಿ ಬಳಸುತ್ತವೆ. ಆದರೆ ಇಂಥ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಓದಿನ ತುದಿಯಲ್ಲಿ ಬರುವುದರಿಂದ ಇಲ್ಲಿನ ಹೆಚ್ಚಿನ ವಿದ್ಯಾರ್ಥಿಗಳು ತರಗತಿಗೆ ಮರಳುವುದಿಲ್ಲ. ಬ್ರಿಟನ್ನಿನಲ್ಲಿ ಕೆಲಸ ಮುಗಿಸಿ ಬಂದವರು ಡೇಟಾಬೇಸ್, ನೆಟ್‌ವರ್ಕ್, ಭದ್ರತೆಯ ಪಾಠಗಳಿಗೆ ಸ್ವಂತ ಪ್ರಶ್ನೆಗಳೊಂದಿಗೆ ಕೂರುತ್ತಾರೆ. ಕಳೆದ ವರ್ಷ ತಾವು ನಡೆಸಿದ ತಂತ್ರಾಂಶ ಜನ ಹೆಚ್ಚಿದಾಗ ಏಕೆ ನಿಧಾನವಾಯಿತು ಎಂಬುದಕ್ಕೆ ಉತ್ತರವನ್ನು ಅಲ್ಲಿ ಹುಡುಕುತ್ತಾರೆ, ಅದನ್ನೇ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯವಾಗಿ ಆರಿಸಿಕೊಳ್ಳುವವರೂ ಉಂಟು.