ತತ್ತಿ ಮಾರಿದ ದುಡ್ಡು: ಬೀದರ ಸೀಮೆಯ ಮನೆ ಕೋಳಿ ಮತ್ತು ಆಡುಗಳ ಚರಿತ್ರೆ

ಬೀದರ ಎಂದರೆ ಬಹಮನಿ ಕೋಟೆ, ಮಹಮೂದ್ ಗವಾನರ ಮದರಸಾ, ಬಿದರಿ ಕಲೆ. ದನಕರುಗಳ ಮಾತು ಬಂದರೆ ದೇವಣಿ ಎತ್ತು. ಇವುಗಳ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾನು ಆರಿಸಿಕೊಂಡದ್ದು ಸಣ್ಣ ವಿಷಯ: ಮನೆ ಹಿಂದೆ ಸಾಕುತ್ತಿದ್ದ ಜವಾರಿ ಕೋಳಿ ಮತ್ತು ಆಡು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬಂದು ಓದಿದ ನಮ್ಮಲ್ಲಿ ಅನೇಕರ ನೋಟ್‌ಬುಕ್ಕಿನ ದುಡ್ಡು ಬಂದದ್ದು ಹೊಲದಿಂದಲ್ಲ, ಅವ್ವನ ಕೋಳಿ ಬುಟ್ಟಿಯಿಂದ.

ಗಡಿ ಬದಲಾಯಿತು, ಸಂತೆ ಬದಲಾಗಲಿಲ್ಲ

ನಿಜಾಮರ ಕಾಲದಲ್ಲಿ ಬೀದರ ಜಿಲ್ಲೆ ದೊಡ್ಡದಾಗಿತ್ತು. ಉದಗೀರ, ನಿಲಂಗಾ, ಅಹ್ಮದಪುರ, ಜಹೀರಾಬಾದಗಳೂ ಇದರಲ್ಲಿದ್ದವು. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ಉಳಿದವು ಮುಂಬಯಿ ಮತ್ತು ಆಂಧ್ರಪ್ರದೇಶಕ್ಕೆ ಹೋದವು. ಆದರೆ ಆಡು ಹೊಡೆದುಕೊಂಡು, ಕೋಳಿ ಕಾಲು ಕಟ್ಟಿ ಹಿಡಿದುಕೊಂಡು ಸಂತೆಗೆ ಹೋಗುವವರಿಗೆ ಈ ಗಡಿ ಕಾಣಲಿಲ್ಲ. ಕನ್ನಡ, ಮರಾಠಿ, ದಖನಿ ಮೂರರಲ್ಲೂ ಚೌಕಾಸಿ ನಡೆಯುತ್ತಿತ್ತು.

ಎಲ್ಲ ಮನೆಗಳಲ್ಲಿ ಕೋಳಿ ಇರುತ್ತಿರಲಿಲ್ಲ. ಹೊಲ ಕಡಿಮೆ ಇದ್ದವರು, ಕೂಲಿಗೆ ಹೋಗುವವರು ಹೆಚ್ಚಾಗಿ ಸಾಕುತ್ತಿದ್ದರು. ಜವಾರಿ ಕೋಳಿಗೆ ಖರ್ಚೇ ಇರಲಿಲ್ಲ. ಕಣದಲ್ಲಿ ಚೆಲ್ಲಿದ ಜೋಳ, ಕೇರಿದ ನುಚ್ಚು, ತಿಪ್ಪೆಯ ಹುಳ ತಿಂದು ಬೆಳೆಯುತ್ತಿತ್ತು. ಒಂದು ಸರತಿಗೆ ಹನ್ನೆರಡು, ಹದಿನೈದು ತತ್ತಿ ಇಟ್ಟು ಕಾವಿಗೆ ಕೂತರೆ 21 ದಿನಕ್ಕೆ ಮರಿ. ವರ್ಷಕ್ಕೆ ಐವತ್ತು, ಅರವತ್ತು ತತ್ತಿ. ಹದ್ದು, ಬೆಕ್ಕು, ಮುಂಗುಸಿಗೆ ಹೋಗಿ ಉಳಿದದ್ದೇ ಲಾಭ.

ಕೋಳಿ ಕೊಳ್ಳಲೂ ದುಡ್ಡಿಲ್ಲದವರಿಗೆ ಪಾಲಿನ ಪದ್ಧತಿ ಇತ್ತು. ಒಬ್ಬರ ಹೇಂಟೆ ಅಥವಾ ಆಡನ್ನು ಇನ್ನೊಬ್ಬರು ಸಾಕಿ, ಹುಟ್ಟಿದ ಮರಿಗಳನ್ನು ಅರ್ಧ ಅರ್ಧ ಹಂಚಿಕೊಳ್ಳುತ್ತಿದ್ದರು. ಈ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ, ಹೆಂಗಸರ ನೆನಪಿನಲ್ಲಿತ್ತು. ಹೊಲದ ದುಡ್ಡು ಗಂಡಸರ ಕೈಗೆ ಹೋಗುತ್ತಿತ್ತು; ತತ್ತಿ ಮಾರಿದ ದುಡ್ಡು ಅವ್ವನ ಸೆರಗಿನ ಗಂಟಿನಲ್ಲಿ ಉಳಿಯುತ್ತಿತ್ತು.

1972ರ ಬರಗಾಲದಲ್ಲಿ ಮೇವಿಲ್ಲದೆ ಎತ್ತು ಮಾರಿದ ಮನೆಗಳಲ್ಲೂ ಆಡು ಉಳಿಯಿತೆಂದು ಹಿರಿಯರು ಹೇಳುತ್ತಾರೆ. ಆಡು ಮುಟ್ಟದ ಸೊಪ್ಪಿಲ್ಲವಲ್ಲ, ಜಾಲಿ ಕಾಯಿ, ಬೋರೆ ಸೊಪ್ಪಿನಲ್ಲೇ ಜೀವ ಹಿಡಿಯಿತು. ನಮ್ಮ ಕಡೆಯ ಆ ಕಪ್ಪು ಆಡನ್ನು ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಈಗ 'ಬಿದ್ರಿ' ಎಂಬ ತಳಿಯಾಗಿ ನೋಂದಾಯಿಸಿದೆ.

ಕೊಕ್ಕರೆ ರೋಗ

ಈ ಬದುಕಿನ ದೊಡ್ಡ ಶತ್ರು ರಾಣಿಖೇತ್, ನಮ್ಮವರ ಮಾತಿನಲ್ಲಿ ಕೊಕ್ಕರೆ ರೋಗ. ಕೋಳಿ ಹಸಿರಾಗಿ ಭೇದಿ ಮಾಡಿ, ಕತ್ತು ತಿರುಚಿ ಬೀಳುತ್ತದೆ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಹದಿನಾಲ್ಕು ಕೋಳಿ ನಾಲ್ಕೇ ದಿನದಲ್ಲಿ ಸತ್ತವು. ಆ ಜೂನ್‌ನಲ್ಲಿ ನನ್ನ ಅಕ್ಕ ಎಂಟನೇ ತರಗತಿಗೆ ಸೇರಲಿಲ್ಲ. ಅದೊಂದೇ ಕಾರಣ ಎನ್ನಲಾರೆ. ಆದರೆ ಅವ್ವನ ಗಂಟಿನಲ್ಲಿ ಆಗ ಏನೂ ಇರಲಿಲ್ಲ. ಎರಡು ವರ್ಷದ ನಂತರ ನನ್ನ ಸರದಿ ಬಂದಾಗ ಕೋಳಿ ಮತ್ತೆ ಕೂಡಿದ್ದವು, ನಾನು ಸೇರಿದೆ.

ಈ ರೋಗಕ್ಕೆ ಲಸಿಕೆ ಆಗಲೂ ಇತ್ತು. ತೊಂದರೆ ಬೇರೆ. ಒಂದು ಶೀಶೆಯಲ್ಲಿ ನೂರು, ಇನ್ನೂರು ಕೋಳಿಗೆ ಆಗುವಷ್ಟು ಔಷಧಿ ಇರುತ್ತದೆ. ತಂಪಿನಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಕೋಳಿಯ ಮನೆಗೆ ಅದು ಒದಗುವುದು ಹೇಗೆ?

ಹೊಸ ತಳಿ, ಹೊಸ ಕಾಲ

1989ರಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಿತ್ತಲಲ್ಲಿ ಸಾಕಲೆಂದೇ 'ಗಿರಿರಾಜ' ಕೋಳಿಯನ್ನು ಹೊರತಂದಿತು. ಬಣ್ಣ ಜವಾರಿಯಂತೆ, ತೂಕ ಹೆಚ್ಚು, ವರ್ಷಕ್ಕೆ 130ರಿಂದ 150 ತತ್ತಿ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಅದರ ತತ್ತಿಯನ್ನು ಜವಾರಿ ಹೇಂಟೆಯ ಕೆಳಗೇ ಇಡಬೇಕು. ಹೊಸದು ಬಂದರೂ ಹಳೆಯದು ಬೇಕಾಯಿತು. 2004ರಲ್ಲಿ ಕರ್ನಾಟಕ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಬೀದರದ ನಂದಿನಗರದಲ್ಲೇ ಕೇಂದ್ರ ಮಾಡಿಕೊಂಡಿತು. ಹೆಬ್ಬಾಳದ ಕಾಲೇಜೂ ಅದರ ಅಡಿಗೆ ಬಂತು. ನಾಡಿಗೆಲ್ಲ ಪಶು ವಿದ್ಯೆ ಹೇಳುವ ಊರು ನಮ್ಮದಾಯಿತು.

ಆದರೆ ಅಷ್ಟರಲ್ಲಿ ಹಿತ್ತಲು ಖಾಲಿಯಾಗತೊಡಗಿತ್ತು. ಆರು ವಾರದಲ್ಲಿ ಎರಡು ಕಿಲೋ ತೂಗುವ ಬ್ರಾಯ್ಲರ್ ಊರೂರಿನ ಅಂಗಡಿಗೆ ಬಂತು. ಹೊಲದಲ್ಲಿ ಜೋಳ ಕಡಿಮೆಯಾಗಿ ಸೋಯಾಬೀನ್ ಬಂತು. ಜೋಳ ಮನೆಗೆ ಬರುತ್ತಿತ್ತು, ಅದರ ನುಚ್ಚು ಕೋಳಿಗೆ ಸಿಗುತ್ತಿತ್ತು. ಸೋಯಾ ಹೊಲದಿಂದ ನೇರವಾಗಿ ಅಡತಿಗೆ ಹೋಗುತ್ತದೆ, ಎಣ್ಣೆ ತೆಗೆದ ಮೇಲೆ ಅದರ ಹಿಂಡಿ ಫಾರಂ ಕೋಳಿಯ ಆಹಾರವಾಗುತ್ತದೆ. ನಮ್ಮ ಸೀಮೆಯ ಹೊಲ ಇಂದಿಗೂ ಕೋಳಿಯನ್ನು ಸಾಕುತ್ತಿದೆ, ಅದರ ದುಡ್ಡು ಮಾತ್ರ ಅವ್ವಂದಿರ ಗಂಟಿಗೆ ಬರುತ್ತಿಲ್ಲ. ಅದೇ ಹೊತ್ತಿಗೆ ಜವಾರಿ ಕೋಳಿಯ ಬೆಲೆ ಬ್ರಾಯ್ಲರ್‌ಗಿಂತ ಬಹಳ ಮೇಲಿದೆ. ಕೇಳುವವರಿದ್ದಾರೆ, ಸಾಕುವವರು ಕಡಿಮೆ.

ಶಾಲೆಗೆ ಬಂದ ತತ್ತಿ

2021ರ ಡಿಸೆಂಬರ್‌ನಲ್ಲಿ ಬೀದರವೂ ಸೇರಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ ಕೊಡಲು ಆರಂಭವಾಯಿತು, ತಿನ್ನದವರಿಗೆ ಬಾಳೆಹಣ್ಣು. ಮುಂದೆ ಅದು ಇಡೀ ರಾಜ್ಯಕ್ಕೆ ಬಂತು. ನಮ್ಮ ಕಾಲದಲ್ಲಿ ಮನೆಯ ತತ್ತಿಯನ್ನು ತಿನ್ನದೆ ಮಾರಿ ಶಾಲೆಗೆ ಬರುತ್ತಿದ್ದೆವು. ಇಂದಿನ ಮಕ್ಕಳು ಶಾಲೆಯಲ್ಲೇ ತಿನ್ನುತ್ತಾರೆ. ಇದನ್ನು ನೋಡುವಾಗ ಸಂತೋಷವಾಗುತ್ತದೆ.

ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಪ್ರತಿ ಬೇಸಿಗೆಗೆ ಮುಂಚೆ ಒಂದು ದಿನ ಗೊತ್ತುಮಾಡಿ, ಊರಿನ ಪಶು ಆಸ್ಪತ್ರೆಯವರನ್ನು ಕರೆಸಿ, ಓಣಿಯ ಎಲ್ಲ ಮನೆಗಳ ಕೋಳಿಗೂ ಒಂದೇ ಸಲ ಲಸಿಕೆ ಹಾಕಿಸೋಣ. ಆಗ ನೂರು ಕೋಳಿಯ ಶೀಶೆ ವ್ಯರ್ಥವಾಗುವುದಿಲ್ಲ. ಶಾಲೆಯ ಮಕ್ಕಳು ಮನೆಮನೆಯ ಲೆಕ್ಕ ಬರೆದುಕೊಳ್ಳಲಿ.

ನಮ್ಮ ಹೆಸರುಗಳು ಈ ಶಾಲೆಯ ಹಾಜರಿ ಪುಸ್ತಕದಲ್ಲಿವೆ. ಅಕ್ಕನ ಹೆಸರು ಅಲ್ಲಿಲ್ಲ. ಆಕೆ ಈಗಲೂ ಐದಾರು ಜವಾರಿ ಕೋಳಿ ಸಾಕಿದ್ದಾಳೆ. ಮೊಮ್ಮಗಳ ಪುಸ್ತಕದ ಖರ್ಚು ಅದರಲ್ಲೇ ನಡೆಯುತ್ತದೆಯಂತೆ. ಆ ಹುಡುಗಿ ಬರುವ ವರ್ಷ ನಮ್ಮ ಶಾಲೆಗೆ ಎಂಟನೇ ತರಗತಿಗೆ ಸೇರುತ್ತಾಳೆ.