ದೇವ್ಲಿ ಬಂಧನ ಶಿಬಿರ

1962ರ ಭಾರತ–ಚೀನಾ ಯುದ್ಧದ ವೇಳೆ ಚೀನೀ ಮೂಲದ ಸುಮಾರು 3,000 ಜನರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದ, ರಾಜಸ್ಥಾನದ ಟೋಂಕ್ ಜಿಲ್ಲೆಯ ಶಿಬಿರ. ಬ್ರಿಟಿಷರು ರಾಜಕೀಯ ಕೈದಿಗಳಿಗೆ ಬಳಸಿದ ಜಾಗವೇ ಇದು. 1941ರಲ್ಲಿ ಜಯಪ್ರಕಾಶ ನಾರಾಯಣರು ಇಲ್ಲಿ ಉಪವಾಸ ಹೂಡಿದ್ದರು. ಅದೇ ಆವರಣಕ್ಕೆ ಸ್ವತಂತ್ರ ಭಾರತ ಮಕ್ಕಳು ಮುದುಕರೆನ್ನದೆ ಇಡೀ ಸಂಸಾರಗಳನ್ನು ತಂದು ಬಿಟ್ಟಿತು.

ಹೆಚ್ಚಿನವರು ಅಸ್ಸಾಮಿನ ಮಾಕುಮ್, ಆಗ ಅಸ್ಸಾಮಿಗೇ ಸೇರಿದ್ದ ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯವರು. 1830ರ ದಶಕದಲ್ಲಿ ಚಹಾ ತೋಟಗಳಿಗೆಂದು ಚೀನೀ ಕೆಲಸಗಾರರನ್ನು ಕರೆತರಲಾಗಿತ್ತು. ಸ್ಥಳೀಯರೊಂದಿಗೆ ಮದುವೆಯಾಗಿ, ಅಸ್ಸಾಮಿಯನ್ನೇ ಮನೆಮಾತಾಗಿಸಿಕೊಂಡ ಕುಟುಂಬಗಳೂ ಇದ್ದವು. ಯುದ್ಧ ಬಂದಾಗ ಭಾರತ ರಕ್ಷಣಾ ಕಾಯ್ದೆ ಮತ್ತು ತಿದ್ದುಪಡಿಗೊಂಡ ವಿದೇಶೀಯರ ಕಾನೂನು ಇವರ ಹುಟ್ಟೂರಿಗಿಂತ ವಂಶವನ್ನೇ ಮುಖ್ಯ ಮಾಡಿದವು.

ನವೆಂಬರಿನಲ್ಲಿ ಪೊಲೀಸರು ಬಾಗಿಲು ತಟ್ಟಿದರು. ಕೆಲವೇ ದಿನಗಳ ಮಾತೆಂದು ನಂಬಿ ಹಲವರು ಉಟ್ಟ ಬಟ್ಟೆಯಲ್ಲೇ ಹೊರಟರು. ರೈಲು ಪ್ರಯಾಣಕ್ಕೆ ಸುಮಾರು ಒಂದು ವಾರ ಹಿಡಿಯಿತು. ನಿಲ್ದಾಣಗಳಲ್ಲಿ ಜನ ಕಲ್ಲು ತೂರಿದ್ದನ್ನು ಅಂದು ಮಕ್ಕಳಾಗಿದ್ದವರು ಇಂದಿಗೂ ನೆನೆಯುತ್ತಾರೆ. ಇವರು ದೇವ್ಲಿ ತಲುಪುವ ಹೊತ್ತಿಗೆ ಚೀನಾ ಕದನ ವಿರಾಮ ಸಾರಿತ್ತು. ಯುದ್ಧ ಮುಗಿದರೂ ಸೆರೆ ಮುಗಿಯಲಿಲ್ಲ.

1963ರಲ್ಲಿ ಗೃಹಸಚಿವ ಲಾಲ್ ಬಹಾದುರ್ ಶಾಸ್ತ್ರಿ ಶಿಬಿರಕ್ಕೆ ಭೇಟಿಯಿತ್ತರು. ಅದೇ ವರ್ಷ ಚೀನಾ ಕಳಿಸಿದ ಹಡಗುಗಳಲ್ಲಿ 2,000ಕ್ಕೂ ಹೆಚ್ಚು ಮಂದಿ ಮದ್ರಾಸಿನಿಂದ ಹೊರಟುಹೋದರು. ಚೀನಾವನ್ನು ಒಮ್ಮೆಯೂ ಕಾಣದವರೂ ಅವರಲ್ಲಿದ್ದರು. ಇಂಥ ಆಯ್ಕೆಯನ್ನು ಸ್ವಇಚ್ಛೆ ಎನ್ನುವುದು ಕಷ್ಟ: ಮುಳ್ಳುತಂತಿಯ ಒಳಗಿದ್ದವರಿಗೆ ಹಡಗೂ ಒಂದು ಬಾಗಿಲಾಗಿ ಕಂಡಿರಬೇಕು.

ಉಳಿದವರ ಬಿಡುಗಡೆ ಕಂತುಕಂತಾಗಿ ನಡೆದು, ಕೊನೆಯವರು ಹೊರಬಂದದ್ದು 1967ರಲ್ಲಿ. ಮರಳಿದ ಅನೇಕರ ಮನೆ, ಅಂಗಡಿಗಳು ಶತ್ರು ಆಸ್ತಿಯೆಂದು ಹರಾಜಾಗಿದ್ದವು ಅಥವಾ ಬೇರೆಯವರ ಪಾಲಾಗಿದ್ದವು. ಊರು ಬಿಟ್ಟು ಹೋಗಬೇಕಾದರೆ ಪೊಲೀಸರ ಅನುಮತಿ ಬೇಕಿತ್ತು, ಠಾಣೆಗೆ ಹಾಜರಿ ಹಾಕುತ್ತಿರಬೇಕಿತ್ತು. ಮಕ್ಕಳ ಓದಿನ ವರ್ಷಗಳಂತೂ ಹೋಗಿಯೇ ಹೋಗಿದ್ದವು. ತಪ್ಪೇನೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ನಿರಪರಾಧಿ ಎಂದು ಸಾಬೀತು ಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ಹಲವರು ಕೆನಡಾದ ಟೊರಾಂಟೊ ಸೇರಿದರು.

ದಶಕಗಳ ಕಾಲ ಮನೆಯೊಳಗೂ ಈ ಮಾತು ಏಳಲಿಲ್ಲ. ತಂದೆತಾಯಂದಿರು ಮಕ್ಕಳಿಂದಲೂ ಮುಚ್ಚಿಟ್ಟರು. ರೀತಾ ಚೌಧುರಿಯವರ ಅಸ್ಸಾಮಿ ಕಾದಂಬರಿ ‘ಮಾಕಾಮ್’ (2010), ಶಿಬಿರದಲ್ಲೇ ಹುಟ್ಟಿದ ಜಾಯ್ ಮಾ ಅವರು ದಿಲೀಪ್ ಡಿಸೋಜಾ ಜೊತೆ ಬರೆದ ‘ದಿ ದೇವ್ಲಿವಾಲಾಸ್’ (2020) ಆ ಮೌನವನ್ನು ಒಡೆದವು. ಕೆನಡಾದಲ್ಲಿ ನೆಲೆಸಿದ ಮಾಜಿ ಬಂಧಿಗಳು ಭಾರತ ಸರ್ಕಾರದಿಂದ ಕ್ಷಮಾಯಾಚನೆ ಕೇಳಿದ್ದಾರೆ.